ಗ್ವಾದಲಿಯವರು, ಟಾಕಿಯವರು

ನಮ್ಮ ಅತ್ತೆಯ ಮನೆಗೆ ಯಾರೇ ಬರಲಿ, ನೀರು ಕುಡಿದು ತಂಬಿಗೆ ಕೆಳಗಿಡುವಷ್ಟರಲ್ಲಿ ಒಂದು ಪ್ರಶ್ನೆ ಎದುರಾಗಿರುತ್ತದೆ: ಯಾರ ಪೈಕಿ? ಯಾವ ಊರು ಎಂಬುದು ಆಮೇಲೆ, ಬಂದ ಕೆಲಸವೇನು ಎಂಬುದು ಇನ್ನೂ ಆಮೇಲೆ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಅವರು ಬಿಡುವುದಿಲ್ಲ. ಅವನ ಅಜ್ಜನ ಊರು ಕೇಳಿ, ಅಜ್ಜಿಯ ತವರು ಕೇಳಿ, ಎಲ್ಲೋ ಒಂದು ಎಳೆ ಹಿಡಿದು, ಅವನು ತಮಗೆ ದೂರದ ಅಳಿಯನಾಗಬೇಕೆಂದು ಗೊತ್ತುಮಾಡಿಕೊಂಡು, ಆಮೇಲೆ ಚಹಾ ಇಡಿಸುತ್ತಾರೆ. ಮೀಟರ್ ನೋಡುವುದನ್ನೇ ಅವನು ಎಷ್ಟೋ ಸಲ ಮರೆತು ಹೋಗಿದ್ದಾನೆ. ಮೆಣಸಗಿ, ರೋಣ, ನರಗುಂದ, ಗಜೇಂದ್ರಗಡ, ಈ ಸುತ್ತಿನಲ್ಲಿ ಯಾರ ಮನೆಯಿಂದ ಯಾರ ಮನೆಗೆ ಹೆಣ್ಣು ಹೋಗಿದೆ, ಯಾರ ಮನೆಗೆ ಯಾಕೆ ಹೋಗಿಲ್ಲ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ನನ್ನನ್ನು ನೋಡಲು ನನ್ನ ತವರು ಗಜೇಂದ್ರಗಡಕ್ಕೆ ಬಂದ ದಿನ ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿ, ಉಳಿದ ಹೊತ್ತೆಲ್ಲ ನನ್ನ ಅಜ್ಜಿಯ ತವರುಮನೆಯ ಬಗ್ಗೆ ವಿಚಾರಿಸಿದ್ದರು. ನನಗೆ ಭಾರಿ ಸಿಟ್ಟು ಬಂದಿತ್ತು.

ಆ ಸಿಟ್ಟು ಪೂರ್ತಿ ಇಳಿದದ್ದು ಬಹಳ ವರ್ಷಗಳ ಮೇಲೆ, ಅದೂ ಸೊಳ್ಳೆಗಳಿಂದ.

ನಾನು ರೋಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಕ್ಕಳು ದೊಡ್ಡವರಾಗಿ, ತಲೆ ಅಲ್ಲಲ್ಲಿ ಬೆಳ್ಳಗಾದ ಮೇಲೆ ನನಗೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿಯಿತು. ಧಾರವಾಡದಲ್ಲಿ ನನಗೆ ಮಾರ್ಗದರ್ಶಕರಾಗಿ ಸಿಕ್ಕ ಮೇಡಂ ತಮ್ಮ ಆಯುಷ್ಯವನ್ನೆಲ್ಲ ಸೊಳ್ಳೆಗಳಿಗೆ ಕೊಟ್ಟವರು. ನಮ್ಮ ಸೀಮೆಯ ಮಲೇರಿಯಾ ಸೊಳ್ಳೆಗಳು ಒಂದಕ್ಕೊಂದು ಏನಾಗಬೇಕು, ಯಾವುದು ಯಾವುದರಿಂದ ಕವಲೊಡೆದು ಬಂತು ಎಂದು ಹುಡುಕಲು ಅವರು ನನಗೆ ಹೇಳಿದರು. ಅಂದರೆ ಯಾರ ಪೈಕಿ ಎಂದು ಕೇಳುವ ಕೆಲಸ ನನ್ನ ಪಾಲಿಗೂ ಬಂತು. ಅತ್ತೆಗೆ ಇದನ್ನು ಹೇಳಿದಾಗ ಅವರಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಓದಿದವರು ಮನುಷ್ಯರ ಬಳಗವನ್ನೆಲ್ಲ ನೋಡಿ ಮುಗಿಸಿದ್ದಾರೆ, ಈಗ ಸೊಳ್ಳೆಗೆ ಬಂದಿದ್ದಾರೆ ಎಂದುಕೊಂಡಿರಬೇಕು.

ಸೊಳ್ಳೆ ಹಿಡಿಯಲು ನಮಗೆ ಒಂದು ಗಾಜಿನ ಕೊಳವೆ, ಅದರ ಹಿಂದೆ ಒಂದು ರಬ್ಬರಿನ ನಳಿಗೆ, ನಡುವೆ ಒಂದು ಚೂರು ಬಲೆ. ನಸುಕಿನಲ್ಲಿ ಗೋಡೆಗೆ ಟಾರ್ಚ್ ಬಿಟ್ಟು, ಕೂತ ಸೊಳ್ಳೆಯ ಮೇಲೆ ಕೊಳವೆಯ ಬಾಯಿ ಹಿಡಿದು, ನಳಿಗೆಯಿಂದ ಮೆಲ್ಲಗೆ ಉಸಿರು ಎಳೆದರೆ ಅದು ಕೊಳವೆಯೊಳಗೆ ಬರುತ್ತದೆ. ನಡುವಿನ ಬಲೆ ಇಲ್ಲದಿದ್ದರೆ ನಮ್ಮ ಬಾಯೊಳಗೇ ಬರುತ್ತದೆ. ನಾನು ಅತ್ತೆಯ ಊರಾದ ಮೆಣಸಗಿಯಲ್ಲಿ ಈ ಕೆಲಸ ಸುರು ಮಾಡಿದಾಗ ಓಣಿಯಲ್ಲಿ ಸುದ್ದಿಯಾಯಿತು: ಆ ಮನೆಯ ಸೊಸೆ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ, ಊರಿಗೆ ಬಂದರೆ ಗೋಡೆ ನೆಕ್ಕುತ್ತಾಳೆ. ಅತ್ತೆ ನಳದ ಮುಂದೆ ಕೊಡ ಇಟ್ಟು ನಿಂತು, ಹಾಗೆ ಆಡಿಕೊಂಡವರ ಮನೆತನದ ನಾಲ್ಕು ತಲೆಮಾರಿನ ಸುದ್ದಿ ತೆಗೆದರು. ಆಮೇಲೆ ಯಾರೂ ಆಡಿಕೊಳ್ಳಲಿಲ್ಲ.

ಮೆಣಸಗಿಯ ಮನೆ ಹಳೆಯ ಕಾಲದ್ದು, ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಅಲ್ಲಿ ಗೋಡೆಯುದ್ದಕ್ಕೂ ಮೇವು ಹಾಕುವ ಗ್ವಾದಲಿ. ಅದರ ಎದುರಿಗೆ ಮನುಷ್ಯರ ಎದೆಮಟ್ಟದ ಪಡಸಾಲೆ. ದನ ಕೆಳಗೆ, ನಾವು ಮೇಲೆ, ಸೂರು ಒಂದೇ. ಈಗ ನಮ್ಮ ಊರುಗಳಲ್ಲಿ ಇಂಥ ಮನೆಗಳು ಕಡಿಮೆಯಾಗುತ್ತಿವೆ. ಅತ್ತೆಯ ಹಾಸಿಗೆ ಪಡಸಾಲೆಯ ಅಂಚಿನಲ್ಲೇ ಇತ್ತು. ಕೆಳಗೆ ಒಂದು ಎಮ್ಮೆ, ಎರಡು ಎತ್ತು. ಅದರಲ್ಲೊಂದು ಮುದಿ ಬಿಳಿ ಎತ್ತು. ತಾಯಿ ಸತ್ತ ಕರುವಾಗಿದ್ದಾಗ ಅದಕ್ಕೆ ಬಿದಿರಿನ ಗೊಟ್ಟದಲ್ಲಿ ಹಾಲು ಹಾಕಿ ಸಾಕಿದವರು ಅತ್ತೆ. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ದಿನಾ ದೀಪ ಹಚ್ಚಿ ಉಂಡಾದ ಮೇಲೆ ಅತ್ತೆ ಮಲಗಿ, ಒಂದು ಕೈಯನ್ನು ಪಡಸಾಲೆಯ ಅಂಚಿನಿಂದ ಕೆಳಗೆ ಇಳಿಬಿಡುತ್ತಿದ್ದರು. ಬಿಳಿ ಎತ್ತು ಬಂದು ತನ್ನ ಮೂತಿಯನ್ನು ಆ ಅಂಗೈಯಲ್ಲಿ ಇಡುತ್ತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆಗೆ ನಿದ್ದೆ ಬರುತ್ತಿದ್ದುದೇ ಹಾಗೆ ಎಂದು ನಾವೆಲ್ಲ ಬಲ್ಲೆವು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಆರೋಗ್ಯ ಇಲಾಖೆಯವರು ಕೊಟ್ಟಿದ್ದ ಮಚ್ಚರದಾನಿಯನ್ನು, ಅಂದರೆ ಸೊಳ್ಳೆ ಪರದೆಯನ್ನು, ಅವರು ಒಂದು ದಿನವೂ ಕಟ್ಟಿಕೊಂಡವರಲ್ಲ. ಅದು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದಾಗ ಕಾಗೆ ಬಾರದಂತೆ ಹೊದಿಸಲು ಬಹಳ ಉಪಯೋಗಕ್ಕೆ ಬಂದಿತ್ತು.

ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಜ್ವರ ಬಂದದ್ದು ಜೋಳ ಎದೆಯುದ್ದ ನಿಂತಿದ್ದ ದಿನಗಳಲ್ಲಿ. ಅವರು ಆಗ ನರಗುಂದದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು, ಸಿಮೆಂಟು ಕಬ್ಬಿಣ ಕಾಯಲು ಎಷ್ಟೋ ದಿನ ಅಲ್ಲೇ ಮಲಗುತ್ತಿದ್ದರು. ಮೆಣಸಗಿಗೆ ಬಂದವರು ಕೌದಿಯ ಮೇಲೆ ಕೌದಿ ಹೊದಿಸಿದರೂ ಗಡಗಡ ನಡುಗಿದರು. ರಕ್ತ ನೋಡಿ ಮಲೇರಿಯಾ ಎಂದರು, ಗುಳಿಗೆ ಕೊಟ್ಟರು. ಜ್ವರ ಬಿಟ್ಟಿತು, ಸಿಟ್ಟು ಬಿಡಲಿಲ್ಲ. ದವಾಖಾನೆಯ ಗೋಡೆಯ ಮೇಲೆ ಒಂದು ಚಿತ್ರವಿತ್ತು, ಹಿಂಭಾಗ ಎತ್ತಿ ಕೂತ ಸೊಳ್ಳೆಯದು. ಮಲೇರಿಯಾ ಹರಡುವುದು ಇದೇ ಎಂದು ಕೆಳಗೆ ಬರೆದಿತ್ತು. ಭಾವ ಅದರ ಫೋಟೋ ಹೊಡೆದುಕೊಂಡು ಮನೆಗೆ ಬಂದು, ಗ್ವಾದಲಿಯ ಗೋಡೆಗೆ ಟಾರ್ಚ್ ಬಿಟ್ಟರು. ಸಾಲಾಗಿ ಕೂತಿದ್ದವು, ಎಲ್ಲವೂ ಹಿಂಭಾಗ ಎತ್ತಿಕೊಂಡು. ಅಲ್ಲಿಗೆ ಅವರ ಮಟ್ಟಿಗೆ ತೀರ್ಪಾಯಿತು. ದನ ಇರುವುದರಿಂದ ಸೊಳ್ಳೆ, ಸೊಳ್ಳೆಯಿಂದ ಜ್ವರ, ಆದ್ದರಿಂದ ದನ ಮನೆಯಲ್ಲಿ ಇರಕೂಡದು. ಹೊಲದಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ಮುಂದಿನ ದನದ ಸಂತೆಗೆ ಮೂರನ್ನೂ ಹೊಡೆಯುವುದು.

ಅತ್ತೆ ಕೂಗಾಡಲಿಲ್ಲ. ಕಸಬರಿಗೆ ಗೋಡೆಗೆ ಒರಗಿಸಿ ಇಷ್ಟೇ ಹೇಳಿದರು: "ದನ ಹೊರಗ ಹೋದ್ರ ನನ್ನ ಹಾಸಗಿನೂ ಹೊರಗ ಹೋಗತೈತಿ, ತಮ್ಮಾ."

ತಾಯಿ ಮಗ ಇಬ್ಬರೂ ಹಟಮಾರಿಗಳು. ನಡುವೆ ನಾನು ಬಾಯಿ ಹಾಕಿದೆ. ಹಿಂಭಾಗ ಎತ್ತಿ ಕೂರುವುದು ಒಂದು ದೊಡ್ಡ ಬಳಗ, ಅದರಲ್ಲಿ ಎಷ್ಟೋ ಮನೆತನಗಳಿವೆ, ಗ್ವಾದಲಿಯಲ್ಲಿ ನೀವು ಕಂಡದ್ದರಲ್ಲಿ ಬಹುಪಾಲು ದನದ ಹಿಂದೆ ಬರುವ ಪುಂಡರ ಗುಂಪು, ಮಲೇರಿಯಾಕ್ಕೂ ಅವಕ್ಕೂ ಅಷ್ಟಾಗಿ ಸಂಬಂಧವಿಲ್ಲ ಎಂದು ಭಾವನವರಿಗೆ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನನ್ನ ಬಾಯಿ ನಿಲ್ಲಲಿಲ್ಲ. ನಮ್ಮ ಹಳ್ಳಿಗಳಲ್ಲಿ ನಿಜವಾಗಿ ಅನುಮಾನಿಸಬೇಕಾದದ್ದು ಇನ್ನೊಂದಿದೆ, ಅದೂ ಅದೇ ದೊಡ್ಡ ಬಳಗದ್ದೇ, ಆದರೆ ಗೋಡೆಗೆ ಅಂಟಿದಂತೆ ಮರ್ಯಾದಸ್ತರ ಹಾಗೆ ಕೂರುತ್ತದೆ ಎಂದೂ ಸೇರಿಸಿದೆ. ಭಾವ ಟಾರ್ಚ್ ತಿರುಗಿಸಿ, ಗೋಡೆಗೆ ಅಂಟಿ ಕೂತಿದ್ದ ಒಂದನ್ನು ತೋರಿಸಿ, ಇದೇ ಏನು ಎಂದರು. ಇದೇ ಎಂದೆ. ಹಾಗಾದರೆ ಅದೂ ಇದೆಯಲ್ಲ ಮನೆಯಲ್ಲಿ ಎಂದರು. ಅತ್ತೆಯ ಪರ ವಾದಿಸಲು ಹೋಗಿ ನಾನು ಭಾವನ ಕೈಗೇ ಕೋಲು ಕೊಟ್ಟಿದ್ದೆ.

ಆಗ ಒಂದು ಮಾತು ವಿವರಿಸಲೇಬೇಕಾಯಿತು. ಹೀಗೆ ಮರ್ಯಾದಸ್ತರಂತೆ ಕೂರುವ ಸೊಳ್ಳೆ ನೋಡಲು ಒಂದೇ, ಒಳಗೆ ಹಲವು. ರೆಕ್ಕೆಯ ಚುಕ್ಕೆ ಒಂದೇ, ಕಾಲು ಒಂದೇ, ಮೂತಿ ಒಂದೇ. ಎಷ್ಟು ದೊಡ್ಡ ಮಸೂರ ಹಿಡಿದರೂ ವ್ಯತ್ಯಾಸ ಕಾಣದು. ಆದರೆ ಅವು ಬಹಳ ಕಾಲದ ಹಿಂದೆಯೇ ಬೇರೆಯಾದ ಅಕ್ಕತಂಗಿಯರು. ಅವರಲ್ಲಿ ಕೆಲವರಿಗೆ ಮನುಷ್ಯರ ರಕ್ತವೂ ಬೇಕು, ಮಲೇರಿಯಾ ಅವರ ಮೈಯಲ್ಲಿ ಬೆಳೆಯುತ್ತದೆ. ಒಬ್ಬಳಿಗೆ ಮಾತ್ರ ದನವಿದ್ದರೆ ಮನುಷ್ಯರ ಗೊಡವೆ ಬೇಡ, ಮಲೇರಿಯಾವೂ ಅವಳ ಮೈಗೆ ಹತ್ತುವುದು ಅಪರೂಪ. ನಮ್ಮ ಗ್ವಾದಲಿಯಲ್ಲಿ ಇರುವವಳು ಯಾರು ಎಂದು ಹೊಟ್ಟೆ ಬಗೆದು ನೋಡಿದ ಮೇಲೆಯೇ ಹೇಳಬಹುದು. ಮೇಡಂ ಬರುವ ಶನಿವಾರ ಊರಿಗೆ ಬರುವವರಿದ್ದರು. ಅಲ್ಲಿಯವರೆಗೆ ತಡೆಯಲು ಭಾವ ಒಪ್ಪಿದರು.

ಅವತ್ತು ನಾನು ರೋಣದ ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲತನಕ ಬಂದರು. ತಮ್ಮ ಪರವಾಗಿ ಹೇಳು ಎಂದು ಕೇಳಬಹುದೆಂದು ನಾನು ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ: "ಇದ್ದದ್ದು ಇದ್ದಂಗ ಹೇಳು, ಯವ್ವಾ. ನನ್ನ ಮಾರಿ ನೋಡಬ್ಯಾಡ."

ಆ ಕ್ಷಣದಲ್ಲಿ ನನಗೆ ಅವರ ಮೇಲೆ ಹುಟ್ಟಿದ ಗೌರವವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪಿಎಚ್‌ಡಿ ಮಾಡುವವರಲ್ಲೂ ಈ ಮಾತನ್ನು ತಮ್ಮ ಮನಸ್ಸಿಗೆ ತಾವೇ ಹೇಳಿಕೊಳ್ಳಬಲ್ಲವರು ಕಡಿಮೆ.

ಶನಿವಾರ ಮಧ್ಯಾಹ್ನ ಮೇಡಂ ಜೊತೆ ಮೆಣಸಗಿಗೆ ಬಂದೆ. ತಲಬಾಗಿಲು ದಾಟಿದವಳು ಹಾಗೇ ನಿಂತುಬಿಟ್ಟೆ. ಗ್ವಾದಲಿಯ ಗೋಡೆ, ಪಡಸಾಲೆಯ ಗೋಡೆ, ಎಲ್ಲವೂ ಹೊಸದಾಗಿ ಸಾರಿಸಿ, ಮೇಲರ್ಧಕ್ಕೆ ಸುಣ್ಣ ಬಳಿದು, ಕೆಮ್ಮಣ್ಣಿನ ಅಂಚು ಎಳೆದು ಮದುವೆ ಮನೆಯ ಹಾಗೆ ಮಿಂಚುತ್ತಿದ್ದವು. ಮೂಲೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಇನ್ನೂ ಏಳುತ್ತಿತ್ತು. ಒಂದು ಸೊಳ್ಳೆ ಇಲ್ಲ. ದನಗಳ ಕಣ್ಣಲ್ಲಿ ಹೊಗೆಯ ನೀರು. ನಾನು ಅತ್ತೆಯ ಕಡೆ ತಿರುಗಿ, ಇದೇನು ಮಾಡಿದಿರಿ ಎಂದೆ. ಅವರ ದನ ಉಳಿಸಬಹುದಾದ ಒಂದೇ ಸಾಕ್ಷಿಯನ್ನು ಅವರೇ ಕೈಯಾರೆ ಸಾರಿಸಿ ಒರೆಸಿಬಿಟ್ಟಿದ್ದರು.

ಅತ್ತೆಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. "ಬರೋರು ಗ್ವಾಡಿ ನೋಡಾಕ ಬರ್ತಾರ ಅಂದಿ. ಹೊಲಸ ಗ್ವಾಡಿ ತೋರಸಲೇನ?"

ಧಾರವಾಡದಿಂದ ಕಲಿತ ಹೆಣ್ಣುಮಗಳೊಬ್ಬಳು ಮೊದಲ ಸಲ ಮನೆಗೆ ಬರುತ್ತಾಳೆ, ಗೋಡೆಯನ್ನೇ ನೋಡಲು ಬರುತ್ತಾಳೆ. ನಮ್ಮ ಕಡೆಯ ಯಾವ ಮನೆಯ ಹೆಂಗಸಾದರೂ ಇದನ್ನೇ ಮಾಡುತ್ತಿದ್ದಳು. ಅತ್ತೆಗೆ ನಿಧಾನವಾಗಿ ಹೊಳೆಯಿತು. ಮುಖ ಸಣ್ಣದಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಳಿ ಎತ್ತಿನ ಪಕ್ಕ ಹೋಗಿ ನಿಂತರು. ಪಡಸಾಲೆಯ ಮೇಲೆ ಕೂತಿದ್ದ ಭಾವ ಮುಖ ಆಚೆ ತಿರುಗಿಸಿದರು. ತಾಯಿಯನ್ನು ಸೋಲಿಸಬೇಕೆಂದಿದ್ದವರೇ, ಆದರೆ ಹೀಗೆ ಸೋಲುವುದನ್ನು ನೋಡಲು ಅವರಿಗೂ ಇಷ್ಟವಿರಲಿಲ್ಲ.

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಯನ್ನು ಅಂಗೈಯಿಂದ ಸವರಿದರು. "ಗ್ವಾಡಿ ಭಾಳ ಚಲೋ ಸಾರಿಸೀರಿ, ಅವ್ವಾರ," ಎಂದರು. ಆಮೇಲೆ, ಗೋಡೆಯ ಮೇಲೆ ಇಲ್ಲದಿದ್ದರೆ ಏನಾಯಿತು, ಸಂಜೆ ಊಟಕ್ಕಂತೂ ಬರುತ್ತವಲ್ಲ, ಎತ್ತಿನ ಮೈಮೇಲೇ ಹಿಡಿಯೋಣ, ಹೊಗೆ ಮಾತ್ರ ಆರಿಸಿಬಿಡಿ ಎಂದು ತಿಳಿಸಿದರು. ಅಷ್ಟು ಹಗುರವಾಗಿ ಹೇಳಿದ್ದರಿಂದ, ಮೊದಲಿನಿಂದಲೂ ಅದೇ ಅವರ ಯೋಚನೆಯಾಗಿತ್ತೇನೋ ಅನ್ನಿಸಿತು. ಆಗಿರಲಿಲ್ಲ ಎಂದು ನನಗೆ ಗೊತ್ತು. ಅವರು ಅವತ್ತೇ ಧಾರವಾಡಕ್ಕೆ ವಾಪಸಾಗಬೇಕಿತ್ತು.

ಕತ್ತಲಾಗುವ ಮೊದಲು ಮೇಡಂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ದನದ ನಡುವೆ ಒಂದು ಮಣೆ ಹಾಕಿಕೊಂಡು ಕೂತರು. ಅತ್ತೆ ಬಿಳಿ ಎತ್ತಿನ ಕೊರಳು ಹಿಡಿದು, ಅದರ ಕಿವಿಯಲ್ಲಿ ಏನೋ ಹೇಳುತ್ತ ಅದನ್ನು ಅಲ್ಲಾಡದಂತೆ ನಿಲ್ಲಿಸಿದರು. ಸೊಳ್ಳೆಗಳು ಬಂದವು. ತುಂಬ ಹೊತ್ತು ಕಾಯಿಸಲಿಲ್ಲ. ಎತ್ತಿನ ಹೊಟ್ಟೆಯ ಮಗ್ಗುಲಿಗೆ ಕೂತು ರಕ್ತ ಕುಡಿದು ಕೆಂಪಗೆ ಉಬ್ಬಿದವನ್ನು ಮಾತ್ರ ಮೇಡಂ ಕೊಳವೆಗೆ ಎಳೆದುಕೊಳ್ಳುತ್ತಿದ್ದರು. ಅವರ ಕೈ ನಡುಗುವುದಿಲ್ಲ, ಉಸಿರು ಹೆಚ್ಚುಕಡಿಮೆಯಾಗುವುದಿಲ್ಲ. ಅರವತ್ತು ಸಮೀಪಿಸಿದ ಹೆಂಗಸು ಎತ್ತಿನ ಬಾಲದ ಪೆಟ್ಟು ತಿನ್ನುತ್ತ, ಒಂದು ಸೊಳ್ಳೆಯ ಕಾಲೂ ಮುರಿಯದಂತೆ ಹಿಡಿಯುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಹೊಟ್ಟೆಯೊಳಗೆ ಮೊಟ್ಟೆ ಅರ್ಧ ಬಲಿತಾಗಲೇ ಯಾರು ಯಾರೆಂದು ಓದಲು ಬರುತ್ತದೆ, ಅದಕ್ಕೆ ಮರುದಿನ ಸಂಜೆಯವರೆಗೆ ಇವು ಜೀವಂತ ಇರಬೇಕು ಎಂದು ಮೇಡಂ ಹೇಳಿದಾಗ ಅತ್ತೆ ಮುಂದೆ ಬಂದರು. ಬಲೆ ಹಾಕಿದ ಪೆಟ್ಟಿಗೆಯ ಮೇಲೆ ಹಸಿ ಬಟ್ಟೆ ಹಾಕುವುದು, ಅದು ಒಣಗದಂತೆ ನೋಡಿಕೊಳ್ಳುವುದು, ಸಕ್ಕರೆ ನೀರಿನ ಹತ್ತಿ ಇಡುವುದು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಜೀವಮಾನವಿಡೀ ಚಪ್ಪಾಳೆ ತಟ್ಟಿ ಸೊಳ್ಳೆ ಕೊಂದ ಆ ಕೈಗಳು ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದವು. ಬಾಣಂತಿಯರಿದ್ದಾರೆ ಒಳಗೆ, ಗಾಳಿಗಿಡಬೇಡ ಎಂದು ಭಾವನವರನ್ನು ಗದರಿದರು. ಬಸುರಿಯರು ಎಂದು ನಾನು ತಿದ್ದಿದೆ.

ಊಟವಾದ ಮೇಲೆ ಮೇಡಂ ನನ್ನ ಚೀಲದ ಸೀಮೆಸುಣ್ಣ ತೆಗೆದುಕೊಂಡು ಪಡಸಾಲೆಯ ಕಲ್ಲಿನ ಮೇಲೆ ಒಂದು ಗಿಡ ಬರೆದರು. ಬುಡ ಒಂದು. ಬಹಳ ಹಿಂದೆಯೇ ಅದು ಎರಡು ಟೊಂಗೆಯಾಯಿತು. ಒಂದು ಟೊಂಗೆಯಲ್ಲಿ ಪಟ್ಟಣದ ನೀರಿನ ಟಾಕಿ, ಬಾವಿಗಳಲ್ಲಿ ಹುಟ್ಟುವ ಸೊಳ್ಳೆ. ಇನ್ನೊಂದು ಟೊಂಗೆ ಮುಂದೆ ಹೋಗಿ ಮತ್ತೆ ಕವಲಾಯಿತು. ಒಂದು ಕವಲು ನನ್ನ ತವರಿನ ಗುಡ್ಡದ ಝರಿಯದು, ಇನ್ನೊಂದು ಈ ಗ್ವಾದಲಿಯದು. ಝರಿಯದಕ್ಕೆ ಆಫ್ರಿಕಾದಲ್ಲಿ ಹತ್ತಿರದ ನೆಂಟರಿದ್ದಾರೆ, ಅವರು ಬಲು ಕೆಟ್ಟವರು ಎಂದು ಮೇಡಂ ಹೇಳಿದಾಗ ಅತ್ತೆ ಗಜೇಂದ್ರಗಡದವಳಾದ ನನ್ನ ಕಡೆ ಒಮ್ಮೆ ನೋಡಿದರು. ಸೊಳ್ಳೆಗಳ ಉದ್ದುದ್ದ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ಊರ ಮನೆತನಗಳಿಗೆ ಹೆಸರಿಡುವ ಹಾಗೆ ತಾವೇ ಇಟ್ಟರು: ಟಾಕಿಯವರು, ಝರಿಯವರು, ಗ್ವಾದಲಿಯವರು. ನನ್ನ ಪ್ರಬಂಧದಲ್ಲಿ ಶಾಸ್ತ್ರೀಯ ಹೆಸರುಗಳೇ ಇವೆ, ಮನಸ್ಸಿನಲ್ಲಿ ಮಾತ್ರ ಇಂದಿಗೂ ಅತ್ತೆ ಇಟ್ಟ ಹೆಸರೇ.

ಗ್ವಾದಲಿಯವರ ಕವಲಿನ ತುದಿಯನ್ನು ಮೇಡಂ ಸಣ್ಣ ಸಣ್ಣ ಎಸಳಾಗಿ ಸೀಳಿದರು. ಇವರೇ ಒಂದೇ ಮುಖದ ಅಕ್ಕತಂಗಿಯರು. ಅತ್ತೆ ಬಾಗಿ ನೋಡಿ, ತಮಗೆ ಸಹಜವಾದ ಪ್ರಶ್ನೆ ಕೇಳಿದರು.

"ಅವು ತಮ್ಮೊಳಗ ಕೊಟ್ಟು ತರತಾವೇನ್ರಿ, ಅಕ್ಕೋರ?"

ಹೆಣ್ಣು ಕೊಡುವುದು, ಹೆಣ್ಣು ತರುವುದು. ಮೇಡಂ ಸೀಮೆಸುಣ್ಣ ಕೆಳಗಿಟ್ಟು ನಕ್ಕರು. ಕಣ್ಣು ಹೊಳೆಯುತ್ತಿದ್ದವು. "ಇಲ್ರಿ. ಒಂದ ಗ್ವಾಡಿ ಮ್ಯಾಲ ಕುಂಡರತಾವ, ಒಂದ ಎತ್ತಿನ ರಕ್ತ ಕುಡೀತಾವ, ಆದ್ರ ಒಂದಕ್ಕೊಂದು ಕೊಟ್ಟು ತರೂದಿಲ್ಲ. ನಾವು ಅವನ್ನ ಬ್ಯಾರೆ ಅನ್ನೋದು ಅದಕ್ಕ."

"ಹಂಗಾರ ಮಾರಿ ಒಂದ ಇದ್ರೂ ಬಳಗ ಬ್ಯಾರೆ," ಎಂದು ಅತ್ತೆ ಒಪ್ಪಿಕೊಂಡರು. ನಾನು ತರಗತಿಯಲ್ಲಿ ಒಂದು ಗಂಟೆ ತೆಗೆದುಕೊಳ್ಳುವ ಪಾಠವಿದು. ಆಮೇಲೆ ಮೇಡಂ, ಮಲೇರಿಯಾ ಸಾಗಿಸುವವರ ಮೇಲೆಲ್ಲ ಒಂದೊಂದು ಚುಕ್ಕೆ ಇಟ್ಟರು. ಚುಕ್ಕೆಗಳು ಒಂದು ಟೊಂಗೆಯಲ್ಲಿ ಗುಂಪಾಗಿ ಬರಲಿಲ್ಲ. ದೂರದ ಟಾಕಿಯವರ ಮೇಲೆ ಒಂದು, ಝರಿಯವರ ಮೇಲೆ ಒಂದು, ಗ್ವಾದಲಿಯ ಅಕ್ಕತಂಗಿಯರಲ್ಲಿ ಒಬ್ಬಳನ್ನು ಬಿಟ್ಟು ಉಳಿದವರ ಮೇಲೆ. ದೂರದ ಸಂಬಂಧಿಗೂ ಚುಕ್ಕೆ, ಒಡಹುಟ್ಟಿದವಳಿಗೆ ಇಲ್ಲ. ಅತ್ತೆ ಆ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು. ಒಂದು ಮನೆತನದಲ್ಲಿ ಒಬ್ಬ ಕೆಟ್ಟರೆ ಆ ಮನೆಗೇ ಹೆಣ್ಣು ಕೊಡದ ಸೀಮೆ ನಮ್ಮದು, ಆ ಲೆಕ್ಕದಲ್ಲಿ ಎಷ್ಟೋ ಸಂಬಂಧ ಮುರಿದವರು ಅತ್ತೆ.

ಮೇಡಂ ಭಾವನವರನ್ನು ಕೇಳಿದ್ದು ಒಂದೇ: ಜ್ವರ ಬರುವ ಮೊದಲು ಎಲ್ಲಿ ಮಲಗುತ್ತಿದ್ದಿರಿ? ನರಗುಂದದ ಹೊಸ ಮನೆಯಲ್ಲಿ ಎಂದರು ಭಾವ. ಹಾಗಾದರೆ ನಾಳೆ ಧಾರವಾಡಕ್ಕೆ ಹೋಗುವಾಗ ಅಲ್ಲಿ ಇಳಿಯೋಣ ಎಂದರು ಮೇಡಂ.

ಮರುದಿನ ಬೆಳಕು ಹರಿಯುವಾಗ ನಾನು ಪಡಸಾಲೆಯ ಗೋಡೆ ಹುಡುಕಿದೆ. ಹೊಸ ಸುಣ್ಣದ ಮೇಲೂ ಕೆಲವು ಬಂದು ಕೂತಿದ್ದವು. ಅತ್ತೆಯ ತಲೆದಿಂಬಿನ ಮೇಲ್ಗಡೆ ಗೋಡೆಗೆ ಅಂಟಿ ಕೂತಿದ್ದವನ್ನು ಬೇರೆ ಪೆಟ್ಟಿಗೆಗೆ ತುಂಬಿಕೊಂಡೆ.

ನರಗುಂದದ ಮನೆಗೆ ಇನ್ನೂ ಬಾಗಿಲಿರಲಿಲ್ಲ. ಗೋಡೆಗೆ ಹೊಡೆಯಲು ನೀರು ತುಂಬಿಸಿಟ್ಟ ಸಿಮೆಂಟಿನ ಟಾಕಿ ಅಂಗಳದಲ್ಲಿ, ಅದರ ಪಕ್ಕದ ಕೋಣೆಯಲ್ಲೇ ಭಾವನ ಚಾಪೆ. ಮೇಡಂ ಒಂದು ಬಿಳಿ ಬಟ್ಟಲಲ್ಲಿ ನೀರು ಮೊಗೆದು ಬಿಸಿಲಿಗೆ ಹಿಡಿದರು. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ ಸಣ್ಣ ಸಣ್ಣ ಹುಳುಗಳು, ಕಸದ ಎಳೆಗಳಂತೆ. ಟಾಕಿಯವರ ಮಕ್ಕಳು. ಭಾವ ಬಟ್ಟಲಿನೊಳಗೆ ನೋಡುತ್ತ ನಿಂತರು. ಈ ಟಾಕಿ ಕಟ್ಟಿಸಿದ್ದು, ತುಂಬಿಸಿದ್ದು ಅವರೇ. ಜ್ವರ ಇಲ್ಲಿಂದಲೇ ಬಂತೆಂದು ಪ್ರಮಾಣ ಮಾಡಲಾರೆ, ಆದರೆ ನನ್ನ ಅನುಮಾನ ಗ್ವಾದಲಿಗಿಂತ ಇದರ ಮೇಲೆಯೇ ಹೆಚ್ಚು ಎಂದು ಮೇಡಂ ಮೆಲ್ಲಗೆ ಹೇಳಿದರು. ಭಾವನಿಗೆ ಸಿಟ್ಟು ಬರುತ್ತದೆಂದು ನಾನು ಹೆದರಿದ್ದೆ. ಅವರು ಪ್ಯಾಂಟು ಮೊಣಕಾಲಿಗೆ ಮಡಚಿ, ಟಾಕಿಯೊಳಗೆ ಇಳಿದು, ತಳದ ತೂಬಿಗೆ ತುರುಕಿದ್ದ ಬಟ್ಟೆ ಕಿತ್ತರು. ಹಟಮಾರಿಯಾದರೂ ಕಣ್ಣಿಗೆ ಕಂಡದ್ದನ್ನು ಅಲ್ಲಗಳೆಯುವ ಮನುಷ್ಯನಲ್ಲ. ಆ ಗುಣ ತಾಯಿಯಿಂದಲೇ ಬಂದಿರಬೇಕು.

ಅವತ್ತು ಸಂಜೆ ಧಾರವಾಡದ ಪ್ರಯೋಗಾಲಯದಲ್ಲಿ ಮೇಡಂ ಸೂಜಿಯ ತುದಿಯಿಂದ ಒಂದೊಂದು ಸೊಳ್ಳೆಯ ಹೊಟ್ಟೆ ಬಿಡಿಸಿ, ಅಂಡಾಶಯ ತೆಗೆದು, ಗಾಜಿನ ನಡುವೆ ಒತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಈಗ ಸೊಳ್ಳೆಯ ಒಂದು ಕಾಲು ಕೊಟ್ಟರೆ ಅದು ಯಾರೆಂದು ಯಂತ್ರವೇ ಹೇಳುತ್ತದೆ. ಯಂತ್ರಕ್ಕೂ ಕೊಡುತ್ತೇವೆ. ಆದರೆ ಮೇಡಂಗೆ ಕಣ್ಣಿಂದ ಓದದೆ ಸಮಾಧಾನವಿಲ್ಲ. ಗಾಜಿನೊಳಗೆ ವರ್ಣತಂತುಗಳು ಅಡ್ಡಪಟ್ಟಿಯ ಸೀರೆಯಂಚಿನ ಹಾಗೆ ಹರಡಿಕೊಂಡಿದ್ದವು. ಕೈಮಗ್ಗದ ಸದ್ದಿನಲ್ಲೇ ಬೆಳೆದ ಗಜೇಂದ್ರಗಡದವಳಿಗೆ ಅದು ನೋಡಿದ ಕೂಡಲೇ ಹಿಡಿಸುವ ನೋಟ. ಅಂಚಿನ ಒಂದು ತುಂಡನ್ನು ಕತ್ತರಿಸಿ ತಿರುವಿ ಜೋಡಿಸಿದಂತೆ, ಒಬ್ಬಳಲ್ಲಿ ಪಟ್ಟಿಗಳ ಸಾಲು ಒಂದು ಕಡೆ ತಿರುವುಮುರುವಾಗಿರುತ್ತದೆ, ಅವಳ ತಂಗಿಯಲ್ಲಿ ನೇರ. ಎಷ್ಟೋ ಕಾಲದ ಹಿಂದಿನ ಒಂದು ಅಗಲಿಕೆ ಇಷ್ಟು ಸಣ್ಣ ಹೊಟ್ಟೆಯಲ್ಲಿ ಇನ್ನೂ ಬರೆದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಕಚ್ಚಿದ ಸೊಳ್ಳೆಯನ್ನು ಈಗಲೂ ಹೊಡೆಯುತ್ತೇನೆ, ಹೊಡೆದ ಮೇಲೆ ಯಾರ ಪೈಕಿಯೋ ಅನ್ನಿಸುತ್ತದೆ.

ಬಿಳಿ ಎತ್ತಿನ ಮೈಮೇಲೆ ಹಿಡಿದವರು ಒಬ್ಬರ ಹಿಂದೊಬ್ಬರು ಬಂದರು. ಎಲ್ಲರೂ ದನದವಳ ಪೈಕಿ, ಚುಕ್ಕೆ ಇಲ್ಲದವರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಆಮೇಲೆ ಪಡಸಾಲೆಯ ಪೆಟ್ಟಿಗೆ. ಅಲ್ಲೂ ದನದವಳು, ಮತ್ತೆ ದನದವಳು. ಮೇಡಂ ಒಂದರ ಮೇಲೆ ಬಹಳ ಹೊತ್ತು ತಡೆದರು. ಎದ್ದು, ನನ್ನನ್ನು ಕೂರಿಸಿ, ನೀವೇ ನೋಡಿ ಎಂದರು. ಆ ಪಟ್ಟಿಗಳ ಸಾಲು ಬೇರೆಯಾಗಿತ್ತು. ಚುಕ್ಕೆ ಇಟ್ಟ ತಂಗಿಯರಲ್ಲಿ ಒಬ್ಬಳು. ಅತ್ತೆಯ ತಲೆದಿಂಬಿನ ಮೇಲ್ಗಡೆ ಕೂತಿದ್ದವಳು.

ಮರುದಿನ ಊರಿಗೆ ಹೋಗುವ ಬಸ್ಸಿನಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಭಾವ ಆಗಲೇ ಫೋನ್ ಮಾಡಿ, ದನ ಸಂತೆಗೆ ಹೋಗುವುದಿಲ್ಲ ಎಂದು ತಾಯಿಗೆ ಹೇಳಿದ್ದರು. ಅಷ್ಟಕ್ಕೇ ನಿಂತರೆ ಎಲ್ಲರಿಗೂ ಸಂತೋಷ. ಪಡಸಾಲೆಯ ಒಂದು ಸೊಳ್ಳೆಯ ಸುದ್ದಿ ಹೇಳಿದರೆ ಮುಂದಿನ ಮಾತು ಮಚ್ಚರದಾನಿ. ಅದನ್ನು ಕಟ್ಟಿದರೆ ಅತ್ತೆಯ ಕೈಗೂ ಎತ್ತಿನ ಮೂತಿಗೂ ನಡುವೆ ಬರುವುದು ಅದೇ.

ಅತ್ತೆ ಎಮ್ಮೆ ಹಿಂಡಿ ಚರಿಗೆ ಹಿಡಿದು ಬರುತ್ತಿದ್ದರು. ಪಡಸಾಲೆಯ ಕಲ್ಲಿನ ಮೇಲಿನ ಗಿಡವನ್ನು ಅಳಿಸಿರಲಿಲ್ಲ, ಅದನ್ನು ಬಿಟ್ಟು ಸುತ್ತ ಗುಡಿಸಿದ್ದರು. ನಾನು ಅದರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಎತ್ತಿನ ಮೈಮೇಲಿದ್ದವರು ಯಾರು ಎಂದು ಹೇಳಿದೆ. ತಲೆದಿಂಬಿನ ಮೇಲ್ಗಡೆ ಇದ್ದವಳು ಯಾರು ಎಂದೂ ಹೇಳಿದೆ. ದನದಿಂದ ಅಪಾಯವಿಲ್ಲ, ಆದರೆ ನೀವು ಮರೆಯಿಲ್ಲದೆ ಅಂಚಿಗೆ ಮಲಗುವುದು ಚಲೋ ಅಲ್ಲ ಎಂದೆ. ಅತ್ತೆ ಚರಿಗೆಯನ್ನು ಕೆಳಗಿಟ್ಟರು. ಗಿಡದ ತುದಿಯ ಎಸಳುಗಳನ್ನು ಒಮ್ಮೆ, ಕೆಳಗಿನ ಬಿಳಿ ಎತ್ತನ್ನು ಒಮ್ಮೆ ನೋಡಿದರು. ಒಬ್ಬಳೇ ಅಲ್ಲವೇನು, ಒಂದೇ ಅಲ್ಲವೇನು ಎಂದು ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ.

"ಇದ್ದದ್ದು ಇದ್ದಂಗ ಹೇಳಂತ ನಾನ ಹೇಳೇನಿ," ಎಂದರು. "ಕಟ್ಟರಿ ಮಚ್ಚರದಾನಿ."

ಅಷ್ಟರಲ್ಲಿ ನರಗುಂದದಿಂದ ಬಂದಿದ್ದ ಭಾವ ಮಾಳಿಗೆ ಹತ್ತಿ ಅದನ್ನು ತಂದರು. ಅಲ್ಲಲ್ಲಿ ಸಂಡಿಗೆಯ ಚೂರು ಅಂಟಿತ್ತು, ಒಣಮೆಣಸಿನಕಾಯಿಯ ಘಾಟಿತ್ತು. ನಾನು ಕೊಡವಿ ಕೊಟ್ಟೆ, ಅವರು ನಾಲ್ಕು ಮೂಲೆಗೆ ಮೊಳೆ ಹೊಡೆದು ಕಟ್ಟಿದರು. ತಾಯಿ ಮಲಗಿದ ಮೇಲೆ ಅದರ ಅಂಚುಗಳನ್ನು ಹಾಸಿಗೆಯ ಕೆಳಗೆ ಸುತ್ತಲೂ ತಾವೇ ಸಿಕ್ಕಿಸಿದರು. ತಾಯಿಯ ಮುಖ ನೋಡದೆ ಸಿಕ್ಕಿಸಿದರು.

ಬಿಳಿ ಎತ್ತು ಎಂದಿನಂತೆ ಪಡಸಾಲೆಯ ಅಂಚಿಗೆ ಬಂತು. ಕೈ ಇರಲಿಲ್ಲ. ಮೂತಿ ಎತ್ತಿ, ಮೂಸುತ್ತ, ಮಚ್ಚರದಾನಿಗೆ ತಾಗಿ ನಿಂತು ಉಸಿರು ಬಿಟ್ಟಿತು. ಬಟ್ಟೆ ಉಬ್ಬಿ ಒಳಗೆ ಹೋಯಿತು. ಅತ್ತೆ ಮಗ್ಗುಲು ಬದಲಿಸಿ, ಒಳಗಿನಿಂದ ಅಂಗೈಯನ್ನು ಅಲ್ಲಿಗೇ ಒತ್ತಿ ಹಿಡಿದರು.